ಜರಡಿ ಆರಿಸಿದ ಡೂಲಾ

“ನೀನು ಸುಮ್ಮನೆ ಕಾಲು ಚಾಚಿ ಕೂತ್ಕೋ. ಆರಿಸೋ ಕೆಲಸ ನನಗೆ ಬಿಡು. ಹನ್ನೊಂದು ವರ್ಷದಿಂದ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಬೆಲ್ಟಿನ ಮುಂದೆ ನಿಂತು ಮಾಡ್ತಿರೋದೇನು? ಒಡೆದದ್ದು, ಸೀದದ್ದು, ಸೊಟ್ಟಗಿರೋದು, ಒಂದೂ ನನ್ನ ಕಣ್ಣು ತಪ್ಪಿಸಿ ಡಬ್ಬಿ ಸೇರಿಲ್ಲ. ಇನ್ನು ನಿನ್ನ ಹೆರಿಗೆಗೆ ಒಬ್ಬ ಡೂಲಾನ ಆರಿಸೋದು ಯಾವ ಮಹಾ ಕೆಲಸ?”

ಹೀಗೆಂದು ಎದೆ ತಟ್ಟಿಕೊಂಡವನನ್ನು ಫ್ಯಾಕ್ಟರಿಯವರು ಜರಡಿ ಎಂದೇ ಕರೆಯುತ್ತಿದ್ದರು. ಡೂಲಾ ಎಂದರೆ ಹೆರಿಗೆ ಮಾಡಿಸುವವಳಲ್ಲ. ಅದು ಡಾಕ್ಟರ ಕೆಲಸ. ಇವಳು ಹೆರುವವಳ ಪಕ್ಕದಲ್ಲೇ ಇದ್ದು, ಸೊಂಟ ನೀವಿ, ಕೈ ಹಿಡಿದು ಧೈರ್ಯ ಹೇಳುವವಳು. ಜರಡಿಯ ಹೆಂಡತಿಗೆ ತಾಯಿಯಿಲ್ಲ, ಅಕ್ಕತಂಗಿಯರಿಲ್ಲ. ಆ ಹೊತ್ತಿನಲ್ಲಿ ಒಬ್ಬಳೇ ಆಗಿಬಿಟ್ಟೇನು ಎಂಬುದೊಂದೇ ಅವಳ ಭಯ. ಅವಳು ಕೇಳಿದ್ದೂ ಇಷ್ಟೇ, ಹೇಳಿದ್ದನ್ನು ಕೇಳಿಸಿಕೊಳ್ಳುವವರು ಯಾರಾದರೂ ಸಾಕು ಅಂತ.

ಜರಡಿಗೆ ಅಷ್ಟು ಸಾಲಬೇಕಲ್ಲ! ಮೊದಲು ಬಂದವಳಿಗೆ ಮಾತು ಜಾಸ್ತಿ ಎಂದ, ಎರಡನೆಯವಳಿಗೆ ಮಾತೇ ಬರುವುದಿಲ್ಲ ಎಂದ. ಮೂರನೆಯವಳು ಸೀನಿದಳು. ಹೀಗೆ ಸೋಸಿ ಸೋಸಿ ಜರಡಿಯಲ್ಲಿ ಒಂದು ಕಾಳೂ ಉಳಿಯಲಿಲ್ಲ.

ಭಾನುವಾರ ಹತ್ತಕ್ಕೆ ನಾಲ್ಕನೆಯವಳು ಬರಬೇಕಿತ್ತು. ಅವಳೇ ಕೊನೆಯವಳು, ಆ ಊರಿನಲ್ಲಿ ಇನ್ನೊಬ್ಬಳಿಲ್ಲ. ಹನ್ನೊಂದಕ್ಕೆ ವಾಷಿಂಗ್ ಮೆಷಿನ್ ರಿಪೇರಿಯವರು ಬರುವುದಿತ್ತು. ಆ ಮಹಾರಾಯ ಮೆಷಿನ್ನು ಹೊಟ್ಟೆ ತುಂಬ ನೀರು, ಬಟ್ಟೆ ಇಟ್ಟುಕೊಂಡು, ಬಾಗಿಲೂ ತೆರೆಯದೆ ಮೂರು ದಿನದಿಂದ ಬಚ್ಚಲಲ್ಲಿ ಮುಷ್ಕರ ಹೂಡಿತ್ತು. ಹೆಂಡತಿ ಕಾಲು ಊದಿಕೊಂಡು ಒಳಕೋಣೆಯಲ್ಲಿ ಮಲಗಿದ್ದಳು.

ಹತ್ತಕ್ಕೆ ಸರಿಯಾಗಿ ಬೆಲ್ಲಾಯಿತು. ಚೀಲ ಹಿಡಿದ ದಪ್ಪನೆಯ ಹೆಂಗಸು, ಫೋನ್ ಮಾಡಿದ್ದಿರಲ್ಲ, ಸ್ವಲ್ಪ ಬೇಗನೇ ಬಂದೆ ಎಂದಳು. ಜರಡಿ ಅವಳನ್ನು ಕೂರಿಸಿ ಪ್ರಶ್ನೆಗಳ ಪಟ್ಟಿ ಬಿಡಿಸುವಷ್ಟರಲ್ಲಿ ಅವಳೇ ಶುರು ಮಾಡಿದಳು.

“ತುಂಬಿ ಎಷ್ಟಾಯ್ತು?”

“ಮೊನ್ನೆಗೆ ಎಂಟು ತಿಂಗಳು ತುಂಬ್ತು.”

“ಎಂಟು ತಿಂಗಳಿಂದ ಹಾಗೇ ಇಟ್ಕೊಂಡಿದೀರಾ? ನೀರು ಹೋಗ್ಲೇ ಇಲ್ವಾ?”

“ಈಗ್ಲೇ ಹೋದ್ರೆ ಕಷ್ಟ ಅಲ್ವೇ?”

“ಹೋಗದಿದ್ರೇ ಕಷ್ಟ. ವಾಸನೆ ಬಂದಿರುತ್ತೆ.”

ಜರಡಿ ಬೆವರೊರೆಸಿಕೊಂಡು, ತುಂಬ ಒದ್ದಾಡಿದರೆ ಏನು ಮಾಡುತ್ತೀರಿ ಎಂದು ಕೇಳಿದ.

“ಮೇಲೆ ಕೂತ್ಕೊಂಡುಬಿಡ್ತೀನಿ. ನನ್ನ ಭಾರಕ್ಕೆ ಎಂಥಾ ಒದ್ದಾಟಾನೂ ನಿಂತುಹೋಗುತ್ತೆ.”

“ಅದಕ್ಕೂ ಬಗ್ಗದಿದ್ರೆ?”

ಅವಳು ಚೀಲಕ್ಕೆ ಕೈಹಾಕಿ, ಎಣ್ಣೆ ಜಿಡ್ಡಿನ ಮೊಳದುದ್ದದ ಇಕ್ಕಳವೊಂದನ್ನು ಟೀಪಾಯಿಯ ಮೇಲಿಟ್ಟಳು. “ಇದು ಯಾವತ್ತೂ ನನ್ನ ಕೈಬಿಟ್ಟಿಲ್ಲ.”

ಅರ್ಧ ನಿಮಿಷದಲ್ಲಿ ಅವಳು ಮೆಟ್ಟಿಲ ಮೇಲಿದ್ದಳು, ಬಾಗಿಲಿಗೆ ಚಿಲಕ ಬಿದ್ದಿತ್ತು.

ಇದ್ದ ಒಬ್ಬಳೂ ಹೋದಳು. ಹೆಂಡತಿಗೆ ಇನ್ನು ಯಾವ ಮುಖ ತೋರಿಸಲಿ ಎಂದು ಜರಡಿ ತಲೆ ಮೇಲೆ ಕೈಹೊತ್ತು ಕೂತಿರುವಾಗಲೇ ಮತ್ತೆ ಬೆಲ್ಲಾಯಿತು. ಬಟ್ಟೆಯ ಚೀಲ ಹಿಡಿದ ಸಣಕಲು ಹೆಂಗಸು, ತಡವಾಯಿತು ಎಂದಳು. ಇವಳೇ ರಿಪೇರಿಯವಳೆಂದು ಜರಡಿ ಸೀದಾ ಬಚ್ಚಲಿಗೆ ಕರೆದೊಯ್ದ. ಅವಳು ಒಮ್ಮೆ ಮೆಷಿನ್ ನೋಡಿದಳು, ಒಮ್ಮೆ ಅವನನ್ನು ನೋಡಿದಳು. ಬಕೀಟು ಬೋರಲು ಹಾಕಿ ಅದರ ಮೇಲೆ ಕೂತಳು.

“ಮೂರು ದಿನದಿಂದ ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ,” ಎಂದ ಜರಡಿ.

“ಹೂಂ. ಗೊತ್ತಾಗದಿದ್ರೆ ಭಯ ಆಗುತ್ತೆ.”

ಅಷ್ಟೇ ಸಾಕಾಯಿತು. ಜರಡಿಯ ಮಾತು ಮೆಷಿನ್ ಬಿಟ್ಟು ಎಲ್ಲೆಲ್ಲೋ ಹರಿಯಿತು. ರಕ್ತ ಕಂಡರೆ ತನಗೆ ತಲೆ ಸುತ್ತುತ್ತದೆ, ಹೆಂಡತಿ ನೋವಿನಲ್ಲಿ ಕೂಗಿದರೆ ತಾನೆಲ್ಲಿ ಓಡಿಹೋಗುತ್ತೇನೋ, ಬಂದವರನ್ನೆಲ್ಲ ಬೇಡವೆಂದದ್ದು ಹೆರಿಗೆಯ ದಿನ ಇನ್ನಷ್ಟು ದೂರ ಹೋಗಲಿ ಅಂತ. ಬಕೀಟಿನ ಮೇಲೆ ಕೂತವಳು ನಡುವೆ ಬಾಯಿ ಹಾಕಲಿಲ್ಲ. ಅವನ ಕೈ ಹಿಡಿದುಕೊಂಡು, ಉಸಿರು ನಿಧಾನಕ್ಕೆ ಬಿಡಿ ಎಂದಳು. ಅವನು ಬಿಟ್ಟ. ರಿಪೇರಿಯವರಲ್ಲಿ ಇಷ್ಟು ಒಳ್ಳೆಯವರಿರುತ್ತಾರೆಂದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ತಲೆಯೆತ್ತಿದರೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೆಂಡತಿ. ಅವಳ ಹಿಂದೆ ಆ ದಪ್ಪನೆಯ ಹೆಂಗಸು.

“ಇಕ್ಕಳ ಮರೆತುಹೋಗಿದ್ದೆ. ನನ್ನ ಹೊರಗಟ್ಟಿ ಮೆಷಿನ್ ಬೇರೆಯವರಿಗೆ ತೋರಿಸ್ತಿದೀರಾ, ಯಜಮಾನ್ರೇ?”

ಜರಡಿ ಅವಳನ್ನು ನೋಡಿದ, ತನ್ನ ಕೈ ಹಿಡಿದಿದ್ದವಳನ್ನು ನೋಡಿದ. ಹನ್ನೊಂದು ವರ್ಷದ ಕಣ್ಣು ಕೆಳಗಿಳಿಯಿತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ತಿಂಗಳಾಗಿತ್ತು.

“ಇವರೇ ಇರ್ಲಿ ರೀ,” ಎಂದು ಸಣಕಲು ಹೆಂಗಸಿನತ್ತ ಕೈ ತೋರಿದಳು.

“ನೀನು ಅವರ ಹತ್ರ ಒಂದು ಮಾತೂ ಆಡಿಲ್ಲ ಕಣೇ.”

“ನೀವು ಆಡಿದ್ದೆಲ್ಲ ಕೇಳಿಸ್ಕೊಂಡೆನಲ್ಲ. ಅವರಿಗೆ ಎರಡು ಕೈ ಇದಾವೆ. ಒಂದು ನಿಮಗಿರ್ಲಿ, ನನಗೆ ಒಂದು ಸಾಕು.”

ಸ್ವಲ್ಪ ಹೊತ್ತಿಗೆ ಬಚ್ಚಲಿಂದ “ನೀರು ಹೋಯ್ತು” ಎಂಬ ಕೂಗು ಕೇಳಿತು. ಜರಡಿ ಆಸ್ಪತ್ರೆಯ ಚೀಲ ಹಿಡಿದು ಬೀದಿಬಾಗಿಲಿಗೆ ಓಡಿದ. ಹೆಂಡತಿ ಆ ಚೀಲ ಕಿತ್ತುಕೊಂಡು ಒದ್ದೆ ಬಟ್ಟೆಯ ಬಕೀಟು ಕೈಗೆ ಕೊಟ್ಟಳು. ಎಲ್ಲಕ್ಕಿಂತ ಮೇಲೆ, ಪೈಪಿನಲ್ಲಿ ಸಿಕ್ಕಿಕೊಂಡಿದ್ದು ಇಕ್ಕಳದಿಂದ ಹೊರಬಂದ ಹೆಬ್ಬೆರಳುದ್ದದ ಒಂದು ಕಾಲುಚೀಲವಿತ್ತು. ಹುಟ್ಟಲಿರುವ ಕೂಸಿಗೆಂದು ತೊಳೆಯಲು ಹಾಕಿದ್ದ ಜೋಡಿಯಲ್ಲಿ ಅದೊಂದು ಜರಡಿಯ ಕಣ್ಣು ತಪ್ಪಿಸಿ ಜಾರಿತ್ತು. ಅವನು ಅದನ್ನು ಹಿಂಡಿ, ಕೊಡವಿ, ತಂತಿಗೆ ಹಾಕಿ ಕ್ಲಿಪ್ಪು ಸಿಕ್ಕಿಸಿದ. ಮತ್ತೆ ಬಕೀಟಿಗೆ ಬಗ್ಗಿ ಅದರ ಜೊತೆಯದನ್ನು ಹುಡುಕತೊಡಗಿದ.