ಟ್ಯೂಬಿನ ಹಾವು ಮತ್ತು ನಾವು ಮೂವರು

ಗಂಡ ತೀರಿದ ಮೇಲೆ ಗೋಕಾಕದಲ್ಲಿ ಸಿನಿಮಾ ಕ್ಯಾಸೆಟ್ ಬಾಡಿಗೆ ಕೊಡುವ ಅಂಗಡಿ ಇಡುತ್ತೇನೆ ಎಂದೆ. ಭಾವ ಊಟದ ತಾಟಿನಿಂದ ತಲೆ ಎತ್ತದೆ, "ಹೆಸರ ಓದಾಕ ಬರಂಗಿಲ್ಲ, ಅಂಗಡಿ ಏನ ನಡಸ್ತಿ?" ಎಂದರು. ಇಟ್ಟೆ. ಕ್ಯಾಸೆಟ್ ಡಬ್ಬಿಗಳ ಮೇಲಿನ ಹೆಸರುಗಳಿಂದಲೇ ಅಕ್ಷರ ಕಲಿತೆ, ಆಮೇಲೆ ಕಾದಂಬರಿಗಳನ್ನೂ ಬಿಡಲಿಲ್ಲ. ಕೆಟ್ಟ ಸಿನಿಮಾ ಇಟ್ಟುಕೊಂಡವರಿಗೆ ನಗೆಯ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಜೊತೆಗೆ ನಗುವವರು ಸಿಗುವುದೇ ಕಷ್ಟ.

೧. ವಾಲ್ ಇದ್ದ ಹಾವು

ನಾಗಿನಿಯ ಸೇಡಿನ ಒಂದು ಸಿನಿಮಾ ಇತ್ತು. ಒಯ್ದವರೆಲ್ಲ ಅರ್ಧ ನೋಡಿ ತಂದುಕೊಡುತ್ತಿದ್ದರು. ಅಷ್ಟು ಕೆಟ್ಟದ್ದು ಹೇಗಿರುತ್ತದೆಂದು ಒಂದು ಮಂಗಳವಾರ ಮಧ್ಯಾಹ್ನ ಬಾಗಿಲು ಎಳೆದು, ಬಾಜೂ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಗೆಳತಿಯನ್ನೂ ಎದುರು ಮನೆಯ ಜೈನರ ಹೆಂಗಸನ್ನೂ ಕರೆದೆ; ಓಣಿಗೆಲ್ಲ ಅವರು ವೈನಿ, ಅಂದರೆ ಅತ್ತಿಗೆ. ಹಾವು ಹೆಡೆ ಎತ್ತಿತು. ಗೆಳತಿ ಸೂಜಿ ಪೋಣಿಸುವಂತೆ ಕಣ್ಣು ಕಿರಿದು ಮಾಡಿ, ಇದು ಸೈಕಲ್ ಟ್ಯೂಬು, ಹೊಟ್ಟೆಯ ಮೇಲೆ ಗಾಳಿ ತುಂಬುವ ವಾಲ್ ಕಾಣುತ್ತದೆ ಎಂದಳು. ಅಷ್ಟರಲ್ಲಿ ಖಳನಾಯಕ ಕತ್ತಿ ಎತ್ತಿದ.

"ಕತ್ತಿ ಯಾಕ ಬೇಕ್ರಿ," ಎಂದರು ವೈನಿ, "ಗಾಳಿ ಬಿಟ್ರ ಸಾಕಲ್ಲ."

ವರ್ಷಗಳ ಮೇಲೆ ನಾನು ಬಾಯ್ತುಂಬ ನಕ್ಕದ್ದು ಅಂದೇ. ಮುಂದೆ ಪ್ರತಿ ಮಂಗಳವಾರ ಅದೇ ಸಿನಿಮಾ, ನಾವೇ ಮೂವರು.

೨. ಮೂಡಲಗಿಯ ಆರತಿ

ಗೆಳತಿಯ ತವರು ಮೂಡಲಗಿ. ಅಲ್ಲಿಯ ತೊಟ್ಟಿಲ ಕಾರ್ಯಕ್ಕೆ ಟಿ.ವಿ., ವಿ.ಸಿ.ಆರ್. ಹೊತ್ತುಕೊಂಡು ಮೂವರೂ ಹೋದೆವು. ಭಕ್ತಿ ಸಿನಿಮಾದ ಟೇಪು ಸಿಕ್ಕಿಕೊಂಡಿತು. ಬೇರೆ ದಾರಿಯಿಲ್ಲದೆ ನಮ್ಮ ಹಾವನ್ನೇ ಬಿಟ್ಟೆ. ಮನೆಯ ಹಿರಿಯಜ್ಜಿ ಎದ್ದು ಹೋಗಿ ಆರತಿ ತಂದು ಟಿ.ವಿ.ಗೆ ಬೆಳಗತೊಡಗಿದಳು. ಗೆಳತಿ ತಡೆಯಲಾರದೆ, ಅದು ಬರೀ ಟ್ಯೂಬು ಎಂದು ಕಿವಿಯಲ್ಲಿ ಹೇಳಿದಳು.

"ಗೊತ್ತೈತಿ ಬಿಡವಾ," ಅಜ್ಜಿಯ ಕೈ ನಿಲ್ಲಲಿಲ್ಲ. "ನಾವ್ ಕೂಡಸೂ ಗಣಪ್ಪ ಬರೀ ಮಣ್ಣ. ಅವಂಗ ಬೆಳಗೂದಿಲ್ಲೇನ?"

೩. ಹುಕ್ಕೇರಿಗೆ ಫೋನು

ಆಮೇಲೆ ಕೇಬಲ್ ಬಂತು. ವೈನಿ ತಮ್ಮ ಮನೆಯ ಧಾರಾವಾಹಿಗಳ ಪಾಲಾದರು. ಬಾಡಿಗೆಯ ಹಿಂದೆ ಓಡಾಡುತ್ತಿದ್ದ ನಾನೂ ಮತ್ತೆ ಕರೆಯಲಿಲ್ಲ. ಗೆಳತಿಯ ಮಗಳ ಮದುವೆ ಲಗ್ನಸರಾಯಿಯ ನಡುವೆ, ಊರೆಲ್ಲ ಮದುವೆಗಳಿರುವ ಹಂಗಾಮಿನಲ್ಲಿ ಬಂತು. ಟಿ.ವಿ., ವಿ.ಸಿ.ಆರ್. ಬಾಡಿಗೆ ನಡೆಯುವ ದಿನಗಳಲ್ಲಿ ಅಂಗಡಿ ಮುಚ್ಚುವ ಹೆಂಗಸು ನಾನಲ್ಲ. ಅಕ್ಷತೆಗೆ ಹೋಗಲಿಲ್ಲ, ಟಿ.ವಿ. ಪುಕ್ಕಟೆ ಕಳಿಸಿದೆ. "ನಿನ್ನ ಟಿ.ವಿ. ಅಕ್ಕಿಕಾಳ ಹಾಕ್ಲಿಲ್ಲ" ಎಂದು ಹೇಳಿ ಕಳಿಸಿ, ಅವಳು ಮಗನ ಜೊತೆ ಹುಕ್ಕೇರಿಗೆ ಹೋಗಿಬಿಟ್ಟಳು. ವರ್ಷಗಟ್ಟಲೆ ಮಾತಿಲ್ಲ.

ಒಂದು ಮಧ್ಯಾಹ್ನ ಒಬ್ಬಳೇ ಆ ಸಿನಿಮಾ ನೋಡುತ್ತಿದ್ದೆ. ನಗು ಬರಲಿಲ್ಲ. ವೈನಿಯಿಂದ ನಂಬರು ತಂದು ಫೋನು ಹಚ್ಚಿದೆ. ಅವಳು ಹಲೋ ಅಂದಳು. ರಿಸೀವರನ್ನು ಟಿ.ವಿ.ಗೆ ಹಿಡಿದೆ. ಗೆಳತಿ ಕೇಳಿದಳು, "ಹೀರೋಗ ಗುಂಡ ಬಿತ್ತೇನ?"

"ಬಿತ್ತು. ತಂಗಿ ಮದಿವಿ ಮಾತ ಹೇಳಾಕತ್ತಾನ."

"ಹಂಗಾರ ತಡಾ ಐತಿ. ಅನ್ನಕ್ಕ ಇಟ್ಟ ಬರ್ತೇನಿ."

ಹುಕ್ಕೇರಿಯ ಪಾತ್ರೆಗಳ ಸದ್ದು ಕೇಳುತ್ತ ಕೂತೆ. ಕುಕ್ಕರ್ ಕೂಗಿತು. ಬಂದಳು.

"ಸತ್ತನೇನ?"

"ಇನ್ನೂ ಇಲ್ಲ. ಈಗ ತಾಯಿ ಕಡೆ ಮಾಫಿ ಕೇಳಾಕತ್ತಾನ."

"ಲಗೂನ ಮುಗಸಂತ ಹೇಳ ಅವಂಗ. ನಾವೂ ಮುದುಕ್ಯಾರಾಗಾಕತ್ತೇವಿ."

ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು. ಒಮ್ಮೆ ಬಾ ಅಂದೆ. ನೋಡೋಣ ಅಂದು ಫೋನು ಇಟ್ಟಳು. ಬರಲಿಲ್ಲ.

ಈಗ ಈ ಅಂಗಡಿ ನನ್ನದು, ಮೇಲಿನ ಎರಡು ಕೋಣೆ ನನ್ನವು, ಗೋಡೆ ತುಂಬ ಪುಸ್ತಕ ನನ್ನವು. ಇದಕ್ಕೆಲ್ಲ ನಾನು ಕೊಟ್ಟದ್ದು, ಬಾಜೂ ಕೂತು ನಗುತ್ತಿದ್ದ ಇಬ್ಬರನ್ನು.