ನಾ ಬರೂದು ಅಕಿಗೆ ಹೆಂಗ ಗೊತ್ತಾಗ್ತಿತ್ತು?

ಹೆಂಡತಿ ತೀರಿಕೊಂಡು ಆರು ತಿಂಗಳಾದವು. ಆದರೂ ಅಕಿ ಕೈಯಲ್ಲಿ ಸಿಕ್ಕಿಬೀಳುವುದು ನನಗಿನ್ನೂ ತಪ್ಪಿಲ್ಲ.

ನಾವು ಬೆಳಗಾವಿ ಕಡೆಯವರು, ಸಂಸಾರ ಹೂಡಿದ್ದು ಪುಣೆಯಲ್ಲಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಲಾರಿ ಹತ್ತಿದವ ನಾನು, ಆಮೇಲೆ ಒಂದು ಕಡೆ ಕೂತಿದ್ದೇ ಇಲ್ಲ. ಪುಣೆಯ ಮಾರ್ಕೆಟ್ ಯಾರ್ಡಿನಿಂದ ಉಳ್ಳಾಗಡ್ಡಿ ಹೇರಿಕೊಂಡು ಹೊರಟರೆ ನಾಲ್ಕು ದಿನಕ್ಕೆ ಬರುತ್ತೇನೋ ಹತ್ತು ದಿನಕ್ಕೋ, ನನಗೇ ಗೊತ್ತಿರುತ್ತಿರಲಿಲ್ಲ. ಫೋನ್ ಬಂದ್ ಇಡುವುದು ಬೇರೆ ನನ್ನ ಚಟ. ಅಕಿಗೆ ಮಾತ್ರ ಎಲ್ಲ ಗೊತ್ತಿರುತ್ತಿತ್ತು. ಹೇಗೆ? ಇದೊಂದು ಹುಳ ಇಪ್ಪತ್ತು ವರ್ಷದಿಂದ ನನ್ನ ತಲೆಯಲ್ಲಿ ಓಡಾಡುತ್ತಿದೆ.

೧. ಬಿಸಿ ರೊಟ್ಟಿ

ಯಾವ ದಿನ ಬರಲಿ, ಮೆಟ್ಟಿಲು ಹತ್ತುವಾಗಲೇ ರೊಟ್ಟಿ ಬಡಿಯುವ ಸಪ್ಪಳ. ಬಚ್ಚಲಲ್ಲಿ ನೀರು ಕಾದಿರುತ್ತಿತ್ತು. ಮೊದಮೊದಲು ಪ್ರೀತಿ ಅಂದುಕೊಂಡೆ, ಆಮೇಲೆ ಹೆದರಿಕೆ ಶುರುವಾಯಿತು.

“ನಾ ಇವತ್ತ ಬರ್ತೀನಂತ ಹೆಂಗ ಗೊತ್ತಾತು?”

“ವಾಸನಿ ಬಂತ್ರಿ.”

“ಯಾವಾಗ?”

“ನೀವು ಇನ್ನೂ ಊರಾಚೆ ಹಡಪಸರದಾಗ ಇದ್ದಾಗ.”

೨. ಗೆಳೆಯನ ಅಂಗಿ

ಒಮ್ಮೆ ಪರೀಕ್ಷೆ ಮಾಡಿಯೇ ಬಿಡೋಣ ಅಂತ ಎರಡು ದಿನ ಮೊದಲೇ ಬಂದೆ. ಮಾರ್ಕೆಟ್ ಯಾರ್ಡಿನಲ್ಲಿ ಲಾರಿ ಬಿಟ್ಟೆ, ಅಲ್ಲೇ ಗೆಳೆಯನೊಬ್ಬನ ಅಂಗಿ ಇಸಿದುಕೊಂಡು ಹಾಕಿಕೊಂಡೆ, ಸಿಟಿ ಬಸ್ ಹಿಡಿದು ಹಿಂದಿನ ಓಣಿಯಿಂದ ಕಳ್ಳನ ಹಾಗೆ ಮನೆಗೆ ಬಂದೆ. ಬಾಗಿಲು ಬಡಿಯುವ ಮೊದಲೇ ತೆರೆಯಿತು. ಅಕಿ ಟವೆಲ್ ಹಿಡಿದು ನಿಂತಿದ್ದಳು. ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಮಾತು ಅಂದಳು:

“ಬ್ಯಾರೆಯವರ ಅಂಗಿ ಹಾಕ್ಕೋಬೇಕಂದ್ರ ತೋಳಿನ ಉದ್ದನರ ನೋಡಿ ಹಾಕ್ಕೋಬಾರದಾ? ಗಿಡ್ಡ ಆಗ್ಯದ.”

೩. ಜಿಲೇಬಿ

ನನಗೆ ಶುಗರ್ ಬಂದ ಮೇಲೆ ಸಿಹಿ ಬಂದ್ ಆಯಿತು, ಅಂದರೆ ಮನೆಯಲ್ಲಿ. ಸೋಲಾಪುರದ ಹೊರಗೆ ಒಂದು ಅಂಗಡಿ ಇದೆ, ಅಲ್ಲಿ ಯಾರಿಗೂ ನನ್ನ ಶುಗರ್ ಗೊತ್ತಿಲ್ಲ ಎಂಬ ಧೈರ್ಯ. ಒಂದು ಸಲ ತಿಂದು ಬಂದೆ. ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ, ಹಾಗಲಕಾಯಿ ಪಲ್ಯ. ಮರುದಿನ ಹಾಗಲಕಾಯಿ. ಮೂರನೆಯ ದಿನವೂ ಅದೇ. ತಡೆಯಲಾರದೆ ಒಪ್ಪಿಕೊಂಡೆ.

“ಎರಡು ಜಿಲೇಬಿಗೆ ಮೂರು ದಿನ ಶಿಕ್ಷೆ ಏನಬೇ?”

“ಎರಡಕ್ಕ ಒಂದ ದಿನ. ನೀವು ತಿಂದಿದ್ದು ಆರು.”

೪. ಓಣಿಯ ಜ್ಯೋತಿಷಿ

ಈ ಸುದ್ದಿ ಹಬ್ಬಿ ಓಣಿಯ ಹೆಂಗಸರೆಲ್ಲ ಅಕಿ ಹತ್ತಿರ ಕೇಳಲು ಬರತೊಡಗಿದರು. ಮೇಲಿನ ಮನೆಯಲ್ಲಿ ಮೈಸೂರು ಕಡೆಯ ಹುಡುಗಿಯೊಬ್ಬಳಿದ್ದಳು. ಅವಳ ಗಂಡನಿಗೆ ಖರಾಡಿಯಲ್ಲಿ ಕಂಪ್ಯೂಟರ್ ಕೆಲಸ.

“ಆಂಟಿ, ಪ್ಲೀಸ್, ಇವರು ಇವತ್ತು ಎಷ್ಟೊತ್ತಿಗೆ ಬರ್ತಾರೆ ಹೇಳಿ. ಆರಕ್ಕೇ ಬರ್ತೀನಿ ಅಂದಿದಾರೆ.”

ಅಕಿ ಕಣ್ಣು ಮುಚ್ಚಿದಳು. “ಎಂಟೂವರಿ.”

ಸರಿಯಾಗಿ ಎಂಟೂವರೆಗೆ ಬಂದ. ಹುಡುಗಿ ಕಾಲಿಗೆ ಬಿದ್ದಳು. ಅವಳು ಹೋದ ಮೇಲೆ ನಾನೂ ಕೈಮುಗಿದು ಕೇಳಿದೆ, ಯಾವ ದೇವರು ಹೇಳ್ತದ ನಿನಗ ಅಂತ.

“ಸಂಜಿಕ್ಕ ಖರಾಡಿ ರಸ್ತ್ಯಾಗ ಗಾಡಿ ಸಾಲು ನೋಡೀರಿಲ್ಲೋ? ಅದಕ್ಕ ದೇವರ್ಯಾಕ ಬೇಕು!”

೫. ಕೊನೆಯ ಸಲ ಕೇಳಿದ್ದು

ದವಾಖಾನೆಯಲ್ಲಿ ಮಲಗಿದ್ದಾಗ ಅಕಿ ಕೈ ಹಿಡಿದುಕೊಂಡು ಕೇಳಿದೆ. “ಈಗರ ಹೇಳು. ಹೆಂಗ ಗೊತ್ತಾಗ್ತಿತ್ತು?”

ಆ ಸ್ಥಿತಿಯಲ್ಲೂ ನಕ್ಕಳು. “ಇನ್ನೊಮ್ಮೆ ಗಾಡಿ ತಗೊಂಡು ಹೋಗಿ ಬರ್ರಿ. ತಾನ ಗೊತ್ತಾಗ್ತದ.”

ನಾನು ಹೋಗಲಿಲ್ಲ. ಅಕಿ ಹೋದಳು. ಆಮೇಲೂ ನಾನು ಗಾಡಿ ಮುಟ್ಟಲಿಲ್ಲ. ಬಂದದ್ದು ಗೊತ್ತಾಗುವವರೇ ಇಲ್ಲ ಅಂದಮೇಲೆ ಹೋಗಿ ಮಾಡುವುದೇನು? ಆರು ತಿಂಗಳು ಮನೆಯಲ್ಲಿ ಕೂತು ಮಗಳ ಅಡಿಗೆಗೆ ಹೆಸರಿಟ್ಟೆ. ಕಡೆಗೆ ಮಗಳೇ ಬೇಸತ್ತು ಅವ್ವನ ಫೋನು ನನ್ನ ಕಿಸೆಗೆ ತುರುಕಿದಳು.

“ಅಪ್ಪಾ, ನಿನ್ನ ಫೋನ್ ಎಂದೂ ಚಾಲೂ ಇರೂದಿಲ್ಲ. ಇದನ್ನರ ಚಾಲೂ ಇಡು. ಗಾಡಿ ತಗೊಂಡು ಒಂದ ಖೇಪ ಹೋಗಿ ಬಾ.”

ಆ ಫೋನು ತೆಗೆದು ನೋಡಿದೆ. ನನ್ನದು, ಮಗಳದು ಬಿಟ್ಟರೆ ಒಂದೂ ಮನುಷ್ಯರ ಹೆಸರಿಲ್ಲ. ‘ಅರ್ಧ ತಾಸು’, ‘ಎರಡು ತಾಸು’, ‘ನಾಲ್ಕು ತಾಸು’, ‘ಒಂದು ದಿನ’ ಅಂತ ಬರೆದಿಟ್ಟ ನಂಬರುಗಳು.

“ಏನಿದು?” ಅಂದೆ.

“ಯಾರಿಗೆ ಗೊತ್ತಪ್ಪ. ಏನೇನು ಕುದೀಲಿಕ್ಕೆ ಎಷ್ಟ ಹೊತ್ತು ಬೇಕಂತ ಬರದಿರಬೇಕು.”

೬. ಎರಡು ತಾಸು

ಸೋಲಾಪುರಕ್ಕೆ ಹೋಗಿ ಮಾಲು ಇಳಿಸಿ ತಿರುಗಿ ಬರುತ್ತಿದ್ದೆ. ಪುಣೆ ಎರಡು ತಾಸಿನ ದಾರಿ ಇರುವಾಗ ಒಂದು ಚಹಾದ ಅಂಗಡಿ. ವಿಜಾಪುರ ಕಡೆಯವನದು, ನಮ್ಮ ಮಾತಿನವ ಅಂತ ಪ್ರತಿ ಸಲ ಅಲ್ಲಿ ನಿಲ್ಲಿಸುತ್ತಿದ್ದೆ. “ಏನಣ್ಣಾ, ಭಾಳ ದಿನಾತು!” ಅಂತ ಚಹಾ ಕೊಟ್ಟ, ಭಜಿ ತಾಟು ಮುಂದಿಟ್ಟ, ಅಂಗಡಿಯ ಹಿಂದಕ್ಕೆ ಹೋದ.

ಭಜಿ ತಿನ್ನುತ್ತಿರುವಾಗ ಕಿಸೆಯಲ್ಲಿ ಅಕಿ ಫೋನು ಬಡಿದುಕೊಂಡಿತು. ತೆಗೆದು ನೋಡಿದರೆ ‘ಎರಡು ತಾಸು’ ಕರೆಯುತ್ತಿದೆ.

ರಸ್ತೆಯ ಗದ್ದಲಕ್ಕೆ ಟವೆಲ್ಲಿನ ಮರೆಯಲ್ಲಿ ಕಿವಿಗೆ ಹಚ್ಚಿದೆ. ಹಲೋ ಅನ್ನುವ ಮೊದಲೇ ಪಿಸುಮಾತು ಶುರುವಾಯಿತು.

“ವೈನಿ, ಬಂದಾರ್ರಿ ನಮ್ಮಣ್ಣ, ನಿಮ್ಮ ಮಾಲಕರು! ಭಾಳ ಸೊರಗ್ಯಾರ. ಗಡ್ಡ ಬಿಟ್ಟಾರ. ಚಹಾಕ್ಕ ಸಕ್ಕರಿ ಹಾಕಿಸ್ಕೊಂಡಾರ್ರಿ. ಭಜಿ ನಾಲ್ಕ ಆದವು, ಐದನೇದು ಕೈಯಾಗ ಅದ. ಮನಿಯೊಳಗ ಎರಡ ಅಂತ ಹೇಳ್ತಾರ, ನಂಬಬ್ಯಾಡ್ರಿ. ಈಗ ಹೊಂಡ್ತಾರ, ಹಿಟ್ಟು ನಾದಾಕ ಹತ್ರಿ.”

ಅಕಿ ಇಲ್ಲ ಅಂತ ಹೇಳಬೇಕಿತ್ತು. ಅದರ ಬದಲು ಐದನೆಯ ಭಜಿಯನ್ನು ತಿರುಗಿ ತಾಟಿನಲ್ಲಿಟ್ಟೆ.

ಫೋನಿನಲ್ಲಿ ಬೆಚ್ಚಿದ ದನಿ ಬಂತು:

“ವೈನಿ! ತಿರಗಿ ಇಟ್ರಲ್ರಿ! ಪುಣೆದಾಗ ಕೂತು ಹೆಂಗ ಹೆದರ್ಸಿದ್ರಿ ಅವರನ್ನ?”