ಜೂನಳ ಹಸಿರು ಮಗ್

ಟಿವಿಯೊಳಗಿನ ಜನ ನಮ್ಮನ್ನು ನೋಡುವುದಿಲ್ಲ ಎಂದು ನಮ್ಮ ಯಜಮಾನರ ಸೋದರತ್ತೆಯನ್ನು ಒಪ್ಪಿಸಬಲ್ಲ ಧೀರ ಇಡೀ ಆಸ್ಟ್ರೇಲಿಯಾ ಖಂಡದಲ್ಲೇ ಹುಟ್ಟಿಲ್ಲ! ಮೆಲ್ಬರ್ನ್‌ನ ಮಗಳ ಮನೆಯಿಂದ ಎರಡು ತಿಂಗಳ ಮಟ್ಟಿಗೆ ಸಿಡ್ನಿಗೆ, ಗಿರಾವೀನ್ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು. ವಾರ್ತೆಯವನು ಟೈ ಕಟ್ಟಿಕೊಂಡು ಬಂದರೆ ಸೆರಗು ಹೊದ್ದು ನೆಟ್ಟಗೆ ಕೂರುವರು. ಊಟದ ಹೊತ್ತಿಗೆ ಟಿವಿಗೆ ಟವೆಲ್ ಹೊದಿಸುವರು.

"ಅವರನ್ನ ಎದುರಿಗೆ ಕೂರಿಸ್ಕೊಂಡು ನಾವು ಮಾತ್ರ ತಿನ್ನೋದಾ? ಗಂಟಲಲ್ಲಿ ಇಳಿಯತ್ತೇನೆ?"

ಇಷ್ಟು ದಾಕ್ಷಿಣ್ಯದವರು, ತಮ್ಮ ಬೆಳ್ಳಿ ಲೋಟದ ವಿಷಯಕ್ಕೆ ಬಂದರೆ ಮಾತ್ರ ಬೇರೆಯೇ ಮನುಷ್ಯರು! ನಾನು ಮುಟ್ಟಿದರೆ ಎರಡು ಸಲ ತೊಳೆಯುವರು. ಯಜಮಾನರು ಮುಟ್ಟಿದರೆ ಮೂರು. "ಅವನು ಪ್ಯಾರಮಟ್ಟಾ ಟ್ರೇನಲ್ಲಿ ಓಡಾಡ್ತಾನೆ ಕಣೆ!"

ಬೆನ್ನ ಹಿಂದೆ ನಾನು ನಗುತ್ತಿದ್ದೆ. ನಾನೋ ಕಾನ್ವೆಂಟಿನಲ್ಲಿ ಓದಿದವಳು, ಮಾರಲ್ ಸೈನ್ಸ್‌ನಲ್ಲಿ ಮೂರು ವರ್ಷ ಬಹುಮಾನ ಹೊಡೆದವಳು!

ಒಂದು ಶನಿವಾರ ಸಂಜೆ ಟಿವಿಯಲ್ಲಿ ಹಾಸ್ಯದ ಕಾರ್ಯಕ್ರಮ. ಇಲ್ಲಿನ ಬಿಳಿಯರು ಮೂಲನಿವಾಸಿಗಳಿಗೆ ಮಾಡಿದ್ದನ್ನೇ ತಲೆಕೆಳಗು ಮಾಡಿ ತೋರಿಸುತ್ತಿದ್ದರು. ಕರಿಯರ ಟೀ ಅಂಗಡಿ. ಬಿಳಿಯರು ಹೊರಗೆ, ಕಿಟಕಿಯ ಬಳಿ ಸಾಲಾಗಿ. ಅವರಿಗೆಂದೇ ಮೊಳೆಗೆ ನೇತುಹಾಕಿದ ಸೊಟ್ಟ ತಗಡಿನ ಮಗ್ಗುಗಳು! ಯಜಮಾನರು ನಕ್ಕು ನಕ್ಕು ಸೋಫಾದಿಂದ ಜಾರಿದರು. "ಚೆನ್ನಾಗಿ ಆಯ್ತು ಇವರಿಗೆ!" ಎಂದು ನಾನು ಕಣ್ಣೊರೆಸಿಕೊಂಡೆ.

ಅತ್ತೆ ನಗಲಿಲ್ಲ.

"ಇದರಲ್ಲಿ ನಗೋಕೇನಿದೆಯೆ? ನಮ್ಮನೆ ಜೂನ್ ಮಗ್ ಥರಾನೇ ಇದೆಯಲ್ಲ!"

ನನ್ನ ನಗು ಅರ್ಧದಲ್ಲೇ ನಿಂತಿತು.

ಜೂನ್ ಪಕ್ಕದ ಮನೆಯ ಒಂಟಿ ಮುದುಕಿ. ಮಂಗಳವಾರ ಮಂಗಳವಾರ ಗಿಡದ ನಿಂಬೆಹಣ್ಣು ತಂದು, ನನ್ನ ಟೀ ಕುಡಿದು ಹೋಗುವ ಬಿಳಿಯಳು. ದನ ತಿನ್ನುತ್ತಾಳೆ, ನಾಯಿಗೆ ಮುತ್ತು ಕೊಡುತ್ತಾಳೆ. ಅದಕ್ಕೇ ಅವಳಿಗೊಂದು ಹಸಿರು ಮಗ್. ಅದರ ಜಾಗ ಸಿಂಕ್ ಕೆಳಗೆ, ಬ್ಲೀಚ್ ಡಬ್ಬದ ಹಿಂದೆ. ತೊಳೆಯುವುದು ಹಿತ್ತಲ ನಲ್ಲಿಯಲ್ಲಿ. ಜೂನಳಿಗೆ ಇದೊಂದೂ ಗೊತ್ತಿಲ್ಲ. "ಆ ಮನೇಲಿ ನನಗೇ ಅಂತ ಒಂದು ಮಗ್ ಇಟ್ಟಿದಾರೆ!" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆಗ ನಾನು ಮದರ್ ಸುಪೀರಿಯರ್ ಥರ ಮುಗುಳ್ನಕ್ಕಿದ್ದೆ!

ಮಂಗಳವಾರ ಬಂತು. ಬೆಳಗ್ಗೆಯೇ ಅತ್ತೆಯ ಕಣ್ಣೆದುರಿಗೇ ಮಗ್ಗನ್ನು ಹಿತ್ತಲ ಕಸದ ಬಿನ್‌ಗೆ ಎಸೆದು, ನಮ್ಮ ಹೂವಿನ ಕಪ್ಪಿನಲ್ಲಿ ಟೀ ತಂದಿಟ್ಟೆ. ಪ್ರಾಯಶ್ಚಿತ್ತ ಎಷ್ಟು ಸುಲಭ ನೋಡಿ! ಜೂನ್ ಕಪ್ಪು ಮುಟ್ಟಲಿಲ್ಲ.

"ನನ್ನ ಮಗ್ ಎಲ್ಲಿ, ಡಿಯರ್?"

"ಒಡೆದುಹೋಯ್ತು," ಎಂದೆ. ಮಾರಲ್ ಸೈನ್ಸ್!

ಅವಳ ಮುಖ ಇಷ್ಟು ಸಣ್ಣದಾಯಿತು. ತನಗಿದ್ದ ಒಂದೇ ಒಂದು ಜಾಗ ಹೋಯಿತೇನೋ ಎಂಬಂತೆ ಪರ್ಸ್‌ನ ಜಿಪ್ಪನ್ನು ತೆಗೆದಳು, ಹಾಕಿದಳು.

ಇಂಗ್ಲಿಷ್ ಒಂದಕ್ಷರ ಬಾರದ ಅತ್ತೆ ಎದ್ದು ಹಿತ್ತಲಿಗೆ ಹೋದರು. ಬರುವಾಗ ಕೈಯಲ್ಲಿ ಹಸಿರು ಮಗ್! ಒಂದು ಬಿರುಕೂ ಇಲ್ಲದ ಮಗ್! ನನಗೋ ಬ್ಲೀಚ್ ಡಬ್ಬದ ಹಿಂದೆ ಅವಿತುಕೊಳ್ಳುವಂತಾಯಿತು. ಅವರು ಅದನ್ನು ಅಡುಗೆಮನೆಯ ಸಿಂಕಿನಲ್ಲೇ ತಿಕ್ಕಿ ತೊಳೆದು, ಅದಕ್ಕೆ ತಮ್ಮ ಕಾಫಿ ಬಗ್ಗಿಸಿಕೊಂಡರು. ಜೂನಳ ಟೀಯನ್ನು ಬೆಳ್ಳಿ ಲೋಟಕ್ಕೆ ಸುರಿದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ತಗೊಳಮ್ಮ. ಬಿಸಿ ಇದೆ, ಜೋಪಾನ."

"ಥ್ಯಾಂಕ್ಸ್, ಲವ್," ಎಂದಳು ಜೂನ್, ಸೆರಗಿನಂತೆ ಕಾರ್ಡಿಗನ್ ಎಳೆದುಕೊಂಡು ಲೋಟ ಹಿಡಿಯುತ್ತ.

ಅವಳು ಹೋದ ಮೇಲೆ ನಾನು ಟವೆಲ್ ಹಿಡಿದು ಸಿಂಕಿನ ಪಕ್ಕ ನಿಂತೆ. ಅತ್ತೆ ಲೋಟ ತೊಳೆಯಲು ಶುರುಮಾಡಿದರು. ನಾನು ಮನಸ್ಸಿನಲ್ಲೇ ಎಣಿಸಿದೆ.

ಒಂದೇ ಸಲ. ನನಗಿಂತ ಒಂದು ಸಲ ಕಡಿಮೆ.